ವಾರ್ಡು ಸಮಿತಿ: ಓದಿ, ಆಮೇಲೆ ಸಹಿ ಹಾಕಿ



ನಿಮ್ಮಲ್ಲಿ ಹಲವರು ಸ್ತ್ರೀಶಕ್ತಿ ಸಂಘದಲ್ಲಿ ಇದ್ದೀರಿ. ವಾರಕ್ಕೊಮ್ಮೆ ಸೇರುತ್ತೀರಿ. ಉಳಿತಾಯದ ದುಡ್ಡು ಕಟ್ಟುತ್ತೀರಿ. ಈ ಸಲ ಯಾರಿಗೆ ಸಾಲ, ಎಷ್ಟು ಸಾಲ ಅಂತ ಮಾತಾಡುತ್ತೀರಿ. ಮಾತಾಡಿದ್ದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೆ ನಡಾವಳಿ ಪುಸ್ತಕ ಅಂತ ಹೆಸರು. ಕೊನೆಗೆ ಎಲ್ಲರೂ ಸಹಿ ಹಾಕುತ್ತೀರಿ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದವರು ಈಗ ನಿಮ್ಮ ಹೆಸರನ್ನು ನೀವೇ ಬರೆಯುತ್ತೀರಿ.

ಇಂಥದೇ ಒಂದು ಪುಸ್ತಕ ನಗರದ ಪ್ರತಿ ವಾರ್ಡಿನಲ್ಲೂ ಇರಬೇಕು. ನಮ್ಮ ಬೀದಿಯ ನೀರು, ಚರಂಡಿ, ದೀಪ, ಕಸ ಇವುಗಳ ಮಾತು ಅದರಲ್ಲಿ ಬರಬೇಕು. ಅದಕ್ಕೆ ಸಹಿ ಹಾಕುವವರಲ್ಲಿ ಹೆಂಗಸರೂ ಇರಬೇಕು. ಹಾಗಂತ ಕಾನೂನೇ ಹೇಳಿದೆ. ಈ ಪಾಠ ಆ ಪುಸ್ತಕದ ಬಗ್ಗೆ, ಅದನ್ನು ಬರೆಯುವ ಸಮಿತಿಯ ಬಗ್ಗೆ.

ಸಮಿತಿ ಯಾಕೆ ಬೇಕು?

ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಇದೆ. ಗ್ರಾಮಸಭೆ ಇದೆ. ಊರಿನವರು ಹೋಗಿ ಕೂತು ಕೇಳಬಹುದು. ನಗರದಲ್ಲಿ ಹಾಗಲ್ಲ. ಒಂದು ವಾರ್ಡಿನಲ್ಲಿ ಸಾವಿರಾರು ಜನ. ಅವರಿಗೆಲ್ಲ ಒಬ್ಬರೇ ಪಾಲಿಕೆ ಸದಸ್ಯರು. ಅವರನ್ನು ನಾವು ಕಾರ್ಪೊರೇಟರ್ ಅನ್ನುತ್ತೇವೆ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಎಲ್ಲ ಬೀದಿಯ ಕಷ್ಟ ಅವರ ಕಣ್ಣಿಗೆ ಬೀಳುವುದಿಲ್ಲ. ಯಾವ ಬೀದಿಯಲ್ಲಿ ರಾತ್ರಿ ಎರಡು ಗಂಟೆಗೆ ನೀರು ಬಿಡುತ್ತಾರೆ? ನಿದ್ದೆಗೆಟ್ಟು ಬಿಂದಿಗೆ ಹಿಡಿದು ನಿಂತವಳಿಗೆ ಗೊತ್ತು. ಯಾವ ತಿರುವಿನಲ್ಲಿ ದೀಪವಿಲ್ಲ? ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ನಡೆದು ಬರುವ ಹುಡುಗಿಗೆ ಗೊತ್ತು.

ಹೀಗೆ ಗೊತ್ತಿರುವವರನ್ನು ಕೂರಿಸಿಕೊಂಡು ಸಲಹೆ ಕೇಳಬೇಕು. ಅದಕ್ಕಾಗಿ ಸಮಿತಿ.

ನಮ್ಮ ದೇಶದ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಅಂತ ಒಂದು ಬಂತು. ಅದು 1993ರ ಜೂನ್ 1ರಿಂದ ಜಾರಿಯಾಯಿತು. ನಗರಗಳ ಆಡಳಿತ ಹೇಗಿರಬೇಕು ಎಂದು ಅದು ಹೇಳುತ್ತದೆ. ಪಾಲಿಕೆ, ನಗರಸಭೆ, ಪುರಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಹೆಂಗಸರಿಗೆ ಸ್ಥಾನ ಸಿಗಬೇಕು ಎಂದು ಹೇಳಿದ್ದೂ ಅದೇ ತಿದ್ದುಪಡಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರದಲ್ಲಿ ವಾರ್ಡು ಸಮಿತಿ ಇರಬೇಕು ಎಂದೂ ಅದರಲ್ಲಿದೆ.

ಆದರೆ ಒಂದೊಂದು ವಾರ್ಡಿಗೂ ಒಂದೊಂದು ಸಮಿತಿ ಬೇಕು ಎಂದು ಅದು ಕಡ್ಡಾಯ ಮಾಡಲಿಲ್ಲ. ಕೆಲವು ವಾರ್ಡು ಸೇರಿಸಿ ಒಂದು ಸಮಿತಿ ಮಾಡಲೂ ಅವಕಾಶ ಇತ್ತು. ಬೆಂಗಳೂರಿನಲ್ಲಿ ಆಗ 100 ವಾರ್ಡು. ಸಮಿತಿ ಮಾತ್ರ 30. ಮೂರು ಮನೆಗೆ ಒಂದೇ ಒಲೆ ಇಟ್ಟ ಹಾಗೆ. ಯಾರ ಅನ್ನ ಬೇಯಬೇಕು?

2011ರಲ್ಲಿ ಕರ್ನಾಟಕ ಸರ್ಕಾರ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಒಂದು ವಾರ್ಡಿಗೆ ಒಂದು ಸಮಿತಿ ಎಂದಾಯಿತು. ವಾರ್ಡಿಗಿಂತ ಚಿಕ್ಕದಾಗಿ, ಮತಗಟ್ಟೆಯ ಲೆಕ್ಕದಲ್ಲಿ ಏರಿಯಾ ಸಭೆ ಇರಬೇಕು ಎಂದೂ ಬಂತು. ನಗರದ ಗ್ರಾಮಸಭೆ ಅಂದುಕೊಳ್ಳಿ.

ಯಾರು ಕೂರುತ್ತಾರೆ?

2011ರ ತಿದ್ದುಪಡಿಯ ಪ್ರಕಾರ ಆ ವಾರ್ಡಿನ ಪಾಲಿಕೆ ಸದಸ್ಯರೇ ಸಮಿತಿಯ ಅಧ್ಯಕ್ಷರು. ಅವರ ಜೊತೆಗೆ ಹತ್ತು ಜನ ಸದಸ್ಯರು. ಈ ಹತ್ತು ಜನರಲ್ಲಿ ಕನಿಷ್ಠ ಮೂವರು ಹೆಂಗಸರು. ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಕನಿಷ್ಠ ಇಬ್ಬರು ನಿವಾಸಿಗಳ ಸಂಘದವರು. ಎಲ್ಲರ ಹೆಸರೂ ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಇರಬೇಕು. ಪಾಲಿಕೆಯ ಒಬ್ಬ ಅಧಿಕಾರಿ ಕಾರ್ಯದರ್ಶಿ. ಸಭೆ ಕರೆಯುವುದು, ನಡಾವಳಿ ಬರೆಯುವುದು ಅವರ ಕೆಲಸ.

ಇಲ್ಲಿ ಒಂದು ಪದವನ್ನು ಬೆರಳಿಟ್ಟು ಓದಿ: ಕನಿಷ್ಠ. ಅಂದರೆ ಅಷ್ಟಕ್ಕಿಂತ ಕಡಿಮೆ ಆಗಕೂಡದು. ಹೆಚ್ಚಾದರೆ ತಪ್ಪಿಲ್ಲ. ಹತ್ತರಲ್ಲಿ ಆರು ಜನ ಹೆಂಗಸರಾದರೂ ಕಾನೂನು ಬೇಡ ಅನ್ನುವುದಿಲ್ಲ. "ಹೆಂಗಸರ ಕೋಟಾ ಮುಗೀತು, ಮೂರು ಜನ ಆಯ್ತು" ಅಂತ ಯಾರಾದರೂ ಹೇಳಿದರೆ ಈ ಪದವನ್ನು ತೋರಿಸಿ.

ಕಲಿಕಾ ಕೇಂದ್ರದಲ್ಲಿ ಈ ವಿಷಯ ಬಂತು ಅಂದುಕೊಳ್ಳಿ. ಮಾತು ಹೀಗೆ ಹೋಗುತ್ತದೆ.

"ಮೂರು ಜನ ಹೆಂಗಸರು ಅಂತ ಬರೆದವ್ರಲ್ಲ ಮೇಡಂ, ಅವರನ್ನ ಯಾರು ಆರಿಸ್ತಾರೆ? ನಾವು ಓಟು ಹಾಕ್ತೀವಾ?" ಹೂ ಮಾರುವ ಅಕ್ಕ ಕೇಳುತ್ತಾಳೆ.

"ಇಲ್ಲ ಅಕ್ಕ. ಓಟು ಇಲ್ಲ. ಪಾಲಿಕೆಯವರು ನೇಮಕ ಮಾಡ್ತಾರೆ," ಪ್ರೇರಕಿ ಹೇಳುತ್ತಾಳೆ.

"ಹಂಗಾದ್ರೆ ಕಾರ್ಪೊರೇಟರ್ ಹೆಂಡ್ತಿ, ಅವರ ತಂಗಿ, ಅವರ ಸೊಸೆ. ಆಯ್ತಲ್ಲ ಮೂರು!"

ಎಲ್ಲರೂ ನಗುತ್ತಾರೆ.

"ನಗಬೇಡ್ರೇ. ಹಂಗೂ ಆಗಬಹುದು," ಇಡ್ಲಿ ಗಾಡಿಯ ಅಕ್ಕ ಅನ್ನುತ್ತಾಳೆ. "ನಾವು ಅರ್ಜಿನೇ ಕೊಡದಿದ್ರೆ ಅವರು ಇನ್ಯಾರನ್ನ ಹಾಕ್ತಾರೆ? ನಮ್ಮ ಮನೆ ಬಾಗಿಲಿಗೆ ಬಂದು ಕರೀತಾರಾ?"

ಇಡ್ಲಿ ಗಾಡಿಯ ಅಕ್ಕ ಹೇಳಿದ್ದು ಸರಿ. ಓಟಿಲ್ಲದ ನೇಮಕ ಈ ಸಮಿತಿಯ ದೊಡ್ಡ ಕೊರತೆ. ಸಮಿತಿಗೆ ಸದಸ್ಯರು ಬೇಕಾದಾಗ ಪಾಲಿಕೆ ಪ್ರಕಟಣೆ ಕೊಟ್ಟು ಅರ್ಜಿ ಕರೆಯುವುದುಂಟು. ಆದರೆ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಕಛೇರಿಯ ಗೋಡೆಗೆ ಅಂಟುತ್ತದೆ. ಓದುವವರು ಅರ್ಜಿ ಹಾಕುತ್ತಾರೆ. ಓದದವರಿಗೆ ಗೊತ್ತೇ ಆಗುವುದಿಲ್ಲ. ಈಗ ನೀವು ಓದುತ್ತೀರಿ. ಸಂಘದಲ್ಲಿ ಒಬ್ಬಳು ತಿಂಗಳಿಗೆ ಎರಡು ಸಲ ಪಾಲಿಕೆ ಕಛೇರಿಯ ಗೋಡೆ ಓದಿ ಬರಲಿ. ಹಾಲಿನ ಸರದಿ, ನೀರಿನ ಸರದಿ ಇದ್ದ ಹಾಗೆ ಗೋಡೆ ಓದುವ ಸರದಿಯೂ ಇರಲಿ.

ಇನ್ನೊಂದು ಮಾತು. ಹೆಂಡತಿಯ ಹೆಸರು ಪಟ್ಟಿಯಲ್ಲಿ, ಗಂಡ ಕುರ್ಚಿಯಲ್ಲಿ. ಇದನ್ನು ಪಂಚಾಯಿತಿಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಸದಸ್ಯೆಯಾಗಿ ಹೆಸರು ಬಂದವಳು ತಾನೇ ಹೋಗಿ ಕೂರಬೇಕು. ಮಗು ಚಿಕ್ಕದಿದ್ದರೆ ಎತ್ತಿಕೊಂಡೇ ಹೋಗಲಿ.

ಸಮಿತಿಯ ಕೆಲಸ ಏನು?

ವಾರ್ಡಿಗೆ ಏನು ಬೇಕು ಎಂದು ಯೋಜನೆ ತಯಾರಿಸಬೇಕು. ಕಸ ಎತ್ತುವುದು, ಚರಂಡಿ, ಕುಡಿಯುವ ನೀರು, ಬೀದಿ ದೀಪ, ಪಾರ್ಕು ಇವುಗಳ ಕೆಲಸ ಸರಿಯಾಗಿ ನಡೆಯುತ್ತಿದೆಯೇ ನೋಡಬೇಕು. ವಾರ್ಡಿಗೆ ಬಂದ ಹಣ ಆ ಕೆಲಸಕ್ಕೇ ಖರ್ಚಾಯಿತೇ ಎಂದು ಕೇಳಬೇಕು. ಸರ್ಕಾರದ ಸವಲತ್ತು ಯಾರಿಗೆ ಸಿಗಬೇಕು ಎಂದು ಗುರುತಿಸುವಾಗ ಸಹಾಯ ಮಾಡಬೇಕು.

ಸಮಿತಿ ಹೇಳಿದ್ದೆಲ್ಲ ಆಗಿಬಿಡುತ್ತದೆಯೇ? ಇಲ್ಲ. ಹಣದ ಪೆಟ್ಟಿಗೆ ಪಾಲಿಕೆಯ ಕೈಯಲ್ಲಿದೆ. ಟೆಂಡರು ಕರೆಯುವುದು ಪಾಲಿಕೆ, ಬಿಲ್ಲು ಕೊಡುವುದು ಪಾಲಿಕೆ. ಸಮಿತಿಯ ಕೈಯಲ್ಲಿ ಇರುವುದು ಬಹುಮಟ್ಟಿಗೆ ಮಾತು ಮತ್ತು ಬರಹ. ಮಾತು ಗಾಳಿಗೆ ಹೋಗುತ್ತದೆ. ಬರಹ ಉಳಿಯುತ್ತದೆ. ಅದಕ್ಕೇ ನಡಾವಳಿ ಪುಸ್ತಕಕ್ಕೆ ಇಷ್ಟು ಬೆಲೆ.

ನಡಾವಳಿ ಓದುವುದು ಹೇಗೆ?

ಒಂದು ಉದಾಹರಣೆ ನೋಡೋಣ. 3ನೇ ಅಡ್ಡರಸ್ತೆಯಲ್ಲಿ ಎರಡು ಬೀದಿ ನಲ್ಲಿ ಕೆಟ್ಟಿವೆ. ಸದಸ್ಯೆಯೊಬ್ಬಳು ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಅಧ್ಯಕ್ಷರು "ಮಾಡಿಸೋಣಮ್ಮಾ" ಅಂದರು. ಚಹಾ ಬಂತು. ಸಭೆ ಮುಗಿಯಿತು. ಪುಸ್ತಕದಲ್ಲಿ ಹೀಗೆ ಬರೆದಿದ್ದಾರೆ:

"3ನೇ ಅಡ್ಡರಸ್ತೆಯ ನಲ್ಲಿಗಳ ಬಗ್ಗೆ ಸದಸ್ಯರು ಪ್ರಸ್ತಾಪಿಸಿದರು. ಚರ್ಚಿಸಲಾಯಿತು. ಸೂಕ್ತ ಕ್ರಮಕ್ಕಾಗಿ ಪರಿಶೀಲಿಸಲಾಗುವುದು."

ಓದಲು ಚೆನ್ನಾಗಿದೆ. ದೊಡ್ಡ ದೊಡ್ಡ ಪದಗಳಿವೆ. ಆದರೆ ನಲ್ಲಿ ಯಾರು ರಿಪೇರಿ ಮಾಡುತ್ತಾರೆ? ಬರೆದಿಲ್ಲ. ಯಾವಾಗ? ಬರೆದಿಲ್ಲ. ಎಷ್ಟು ನಲ್ಲಿ? ಅದೂ ಇಲ್ಲ. ಮುಂದಿನ ತಿಂಗಳು ಹೋಗಿ ಕೇಳಿದರೆ "ಪರಿಶೀಲನೆಯಲ್ಲಿದೆ" ಅಂತಾರೆ. ಅದರ ಮುಂದಿನ ತಿಂಗಳೂ ಅದೇ ಉತ್ತರ. ಅವರು ಸುಳ್ಳು ಹೇಳುತ್ತಿಲ್ಲ. ಪುಸ್ತಕದಲ್ಲಿ ಇರುವುದೇ ಅಷ್ಟು.

ಈಗ ಇದನ್ನು ಓದಿ:

"3ನೇ ಅಡ್ಡರಸ್ತೆಯಲ್ಲಿ ಎರಡು ಬೀದಿ ನಲ್ಲಿಗಳು ಕೆಟ್ಟಿವೆ. ಇವುಗಳನ್ನು ಮುಂದಿನ ಸಭೆಯೊಳಗೆ ದುರಸ್ತಿ ಮಾಡಿ ವರದಿ ಕೊಡಲು ವಾರ್ಡಿನ ಇಂಜಿನಿಯರಿಗೆ ತಿಳಿಸುವುದೆಂದು ನಿರ್ಣಯಿಸಲಾಯಿತು."

ಇದರಲ್ಲಿ ಜಾಗ ಇದೆ. ಕೆಲಸ ಇದೆ. ಮಾಡುವವರು ಇದ್ದಾರೆ. ಗಡುವು ಇದೆ. ಮುಂದಿನ ಸಭೆಯಲ್ಲಿ ಈ ಸಾಲಿನ ಮೇಲೆ ಬೆರಳಿಟ್ಟು "ಇದು ಏನಾಯ್ತು ಸಾರ್?" ಅಂತ ಕೇಳಬಹುದು.

"ಚರ್ಚಿಸಲಾಯಿತು" ಅಂದರೆ ಮಾತಾಡಿದೆವು ಅಂತ. ಅಷ್ಟೇ. "ನಿರ್ಣಯಿಸಲಾಯಿತು" ಅಂದರೆ ತೀರ್ಮಾನ ಮಾಡಿದೆವು ಅಂತ. ಈ ಎರಡು ಪದಗಳನ್ನು ನಿಮ್ಮ ನೋಟುಪುಸ್ತಕದಲ್ಲಿ ಹತ್ತು ಸಲ ಬರೆಯಿರಿ. ಒತ್ತಕ್ಷರ ಕಷ್ಟ, ಆದರೂ ಬರೆಯಿರಿ. ಪುಸ್ತಕದಲ್ಲಿ ಕಂಡ ಕೂಡಲೇ ಇದು ಯಾವುದು ಅಂತ ನಿಮಗೆ ಗೊತ್ತಾಗಬೇಕು.

ಸಹಿಯಲ್ಲೂ ಎರಡು ಬಗೆ. ಸಭೆಗೆ ಬಂದ ಕೂಡಲೇ ಹಾಜರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಬಂದಿದ್ದೇನೆ ಅಂತ ಅದರ ಅರ್ಥ. ನಡಾವಳಿ ಬರೆದ ಮೇಲೆ ಅದರ ಕೆಳಗೆ ಹಾಕುವ ಸಹಿ ಬೇರೆ. ಇಲ್ಲಿ ಬರೆದದ್ದು ಸರಿ ಇದೆ ಅಂತ ಅದರ ಅರ್ಥ. "ಹೊತ್ತಾಯ್ತು, ಈಗಲೇ ಸಹಿ ಹಾಕಿ ಹೋಗಿ, ಆಮೇಲೆ ಬರ್ಕೋತೀವಿ" ಅಂದರೆ ಒಪ್ಪಬೇಡಿ. ಖಾಲಿ ಹಾಳೆಗೆ ಹಾಕಿದ ಸಹಿ, ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ಬರೆದದ್ದರ ಕೆಳಗೆ ಜಾಗ ಬಿಟ್ಟಿದ್ದರೆ ಅಲ್ಲಿ ಗೆರೆ ಎಳೆಯಲು ಹೇಳಿ.

ನಿಧಾನವಾಗಿ ಓದಿದರೆ ಯಾರಾದರೂ ನಗಬಹುದು. ನಗಲಿ. ಅಕ್ಷರ ಕೂಡಿಸಿ ಓದಿ. ಕಣ್ಣು ಮಂಜಾಗಿದ್ದರೆ "ಗಟ್ಟಿಯಾಗಿ ಓದಿ ಹೇಳಿ" ಅಂತ ಕಾರ್ಯದರ್ಶಿಯನ್ನು ಕೇಳಿ. ಯಾವುದಾದರೂ ತೀರ್ಮಾನ ನಿಮಗೆ ಸರಿ ಕಾಣದಿದ್ದರೆ "ನನ್ನ ಒಪ್ಪಿಗೆ ಇಲ್ಲ ಅಂತ ಬರೆದುಕೊಳ್ಳಿ" ಅನ್ನಿ. ಹಾಗೆ ಬರೆಸುವುದು ಜಗಳ ಅಲ್ಲ. ಸಭೆಯ ಪದ್ಧತಿಯೇ ಹಾಗೆ.

ನೀವು ಸದಸ್ಯೆ ಅಲ್ಲದಿದ್ದರೂ ನಡಾವಳಿಯ ನಕಲು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಬೀದಿ ವ್ಯಾಪಾರದ ಅಕ್ಕಂದಿರಿಗೆ

ಹೂವು, ಸೊಪ್ಪು, ಹಣ್ಣು, ತಿಂಡಿ ಮಾರುವವರು ಇದನ್ನು ಎರಡು ಸಲ ಓದಿ. ನಿಮಗೇ ಅಂತ ಇನ್ನೊಂದು ಸಮಿತಿ ಇದೆ. ಪಟ್ಟಣ ವ್ಯಾಪಾರ ಸಮಿತಿ ಅಂತ ಹೆಸರು. 2014ರಲ್ಲಿ ಕೇಂದ್ರ ಸರ್ಕಾರ ತಂದ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಇದು ಬಂದಿದೆ. ದೊಡ್ಡ ಪಾಲಿಕೆಗೆ ಮಾತ್ರ ಅಲ್ಲ, ಸಣ್ಣ ಪಟ್ಟಣಕ್ಕೂ ಈ ಕಾಯ್ದೆ ಇದೆ.

ಪಾಲಿಕೆಯಾದರೆ ಆಯುಕ್ತರು, ಪುರಸಭೆಯಾದರೆ ಮುಖ್ಯಾಧಿಕಾರಿ ಇದರ ಅಧ್ಯಕ್ಷರು. ಪೊಲೀಸರು, ವೈದ್ಯಾಧಿಕಾರಿ ಮೊದಲಾದವರು ಇರುತ್ತಾರೆ. ಆದರೆ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕು. ಲೆಕ್ಕ ಮಾಡಿ. ಸಮಿತಿಯಲ್ಲಿ 20 ಜನ ಅಂದುಕೊಳ್ಳೋಣ. ಅದರಲ್ಲಿ ವ್ಯಾಪಾರಿಗಳು 8. ಆ ಎಂಟರಲ್ಲಿ ಹೆಂಗಸರು ಸುಮಾರು 3.

ಇವರನ್ನು ಯಾರೂ ನೇಮಕ ಮಾಡುವ ಹಾಗಿಲ್ಲ. ವ್ಯಾಪಾರಿಗಳೇ ತಮ್ಮೊಳಗೆ ಚುನಾವಣೆ ಮಾಡಿ ಕಳಿಸಬೇಕು. ಈ ಒಂದು ವಿಷಯದಲ್ಲಿ ಪಟ್ಟಣ ವ್ಯಾಪಾರ ಸಮಿತಿ ವಾರ್ಡು ಸಮಿತಿಗಿಂತ ಮೇಲು. ನೇಮಕವಾದವರು ನೇಮಿಸಿದವರ ಮುಖ ನೋಡುತ್ತಾರೆ. ಆರಿಸಿ ಬಂದವರು ಆರಿಸಿದವರಿಗೆ ಉತ್ತರ ಹೇಳಬೇಕಾಗುತ್ತದೆ.

ಈ ಸಮಿತಿಯ ಮಾತಿನಲ್ಲಿ ಹೊಟ್ಟೆಪಾಡು ಇದೆ. ಊರಿನಲ್ಲಿ ಎಷ್ಟು ಜನ ಬೀದಿ ವ್ಯಾಪಾರಿಗಳಿದ್ದಾರೆ ಎಂದು ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿಸುವುದು ಇದರ ಕೆಲಸ. ಆ ಸಮೀಕ್ಷೆಯಲ್ಲಿ ಹೆಸರು ಬಂದರೆ ಪ್ರಮಾಣಪತ್ರ. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಆಮೇಲೂ ಜಾಗ ಬಿಡಿಸಬೇಕಾದರೆ 30 ದಿನ ಮೊದಲು ನೋಟೀಸು ಕೊಡಬೇಕು. ಸಾಮಾನು ಹಿಡಿದುಕೊಂಡು ಹೋದರೆ ಏನೇನು ತೆಗೆದುಕೊಂಡರು ಎಂದು ಪಟ್ಟಿ ಮಾಡಿ ನಿಮ್ಮ ಕೈಗೆ ಕೊಡಬೇಕು. ಬಿಡಿಸಿಕೊಳ್ಳಲು ಹೋದಾಗ ಹೂವು, ಹಣ್ಣಿನಂಥ ಬಾಡುವ, ಕೊಳೆಯುವ ಸರಕನ್ನು ಅದೇ ದಿನ ಕೊಡಬೇಕು. ಬೇರೆ ಸಾಮಾನನ್ನು ಕೆಲಸದ ಎರಡು ದಿನದೊಳಗೆ ಕೊಡಬೇಕು.

ಇಷ್ಟೆಲ್ಲ ಇದ್ದರೂ ಬೆಳಗಾಗೆದ್ದು ನೋಡಿದರೆ ಗಾಡಿ ಎತ್ತಿಕೊಂಡು ಹೋಗಿರುತ್ತಾರೆ. ಆಗ "ಪಟ್ಟಿ ಎಲ್ಲಿ ಸಾರ್? ನೋಟೀಸು ಎಲ್ಲಿ?" ಎಂದು ಕೇಳುವ ಧೈರ್ಯ ಬೇಕು. ಸಮಿತಿಯಲ್ಲಿ ನಿಮ್ಮವಳೇ ಒಬ್ಬಳಿದ್ದರೆ ಆ ಧೈರ್ಯ ಬೇಗ ಬರುತ್ತದೆ.

ಬೆಂಗಳೂರಿನಲ್ಲಿ ಏನಾಯಿತು?

ಕಾನೂನು ಬಂದ ಮಾತ್ರಕ್ಕೆ ಸಮಿತಿ ಬರುವುದಿಲ್ಲ. ಬೆಂಗಳೂರಿನಲ್ಲಿ ಕಸದ ಸಮಸ್ಯೆ ಹೈಕೋರ್ಟಿಗೆ ಹೋಯಿತು. ವಾರ್ಡು ಸಮಿತಿ ಮಾಡಿ ಎಂದು ಕೋರ್ಟು ಮತ್ತೆ ಮತ್ತೆ ಹೇಳಬೇಕಾಯಿತು. ಆಗ ಅಲ್ಲಿ 198 ವಾರ್ಡು. 2018ರ ಡಿಸೆಂಬರಿನಿಂದ ತಿಂಗಳ ಮೊದಲ ಶನಿವಾರ ವಾರ್ಡು ಸಮಿತಿ ಸಭೆ ಎಂದು ಗೊತ್ತು ಮಾಡಿದರು. ಕೆಲವು ವಾರ್ಡುಗಳಲ್ಲಿ ಜನ ಬಂದು ಕೂತು ಕಷ್ಟ ಹೇಳಿಕೊಂಡರು. ಕೆಲವು ಕಡೆ ಸಭೆ ನೆಪಕ್ಕೆ ನಡೆಯಿತು. ಮಂಗಳೂರಿನಲ್ಲೂ ವಾರ್ಡು ಸಮಿತಿ ಬೇಕು ಎಂದು ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಿದರು.

2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರುಗಳಿಲ್ಲ, ಆದ್ದರಿಂದ ಸಮಿತಿಗೆ ಆರಿಸಿ ಬಂದ ಅಧ್ಯಕ್ಷರೂ ಇಲ್ಲ. ಅಧಿಕಾರಿಗಳೇ ಸಭೆ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಆ ದೊಡ್ಡ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಮಾಡಿದರು. ಈಗ ಬೆಂಗಳೂರಿಗೆ ಪ್ರತ್ಯೇಕ ಕಾಯ್ದೆ ಇದೆ. ಅಲ್ಲಿರುವ ಅಕ್ಕಂದಿರು ತಮ್ಮ ವಾರ್ಡಿನ ಹೊಸ ಗಡಿ ಯಾವುದು, ಸಮಿತಿಯ ನಿಯಮ ಏನು ಎಂದು ತಮ್ಮ ಪಾಲಿಕೆ ಕಛೇರಿಯಲ್ಲಿ ಕೇಳಿ ಬರೆದುಕೊಳ್ಳಿ.

ಅರ್ಜಿ ಬರೆಯೋಣ

ಸಮಿತಿಗೆ ಸದಸ್ಯೆಯಾಗಲು ಅರ್ಜಿ ಹೀಗೆ ಬರೆಯಬಹುದು. ಚುಕ್ಕೆ ಇರುವ ಕಡೆ ನಿಮ್ಮ ವಿವರ ತುಂಬಿ. ಪಾಲಿಕೆಯವರೇ ನಮೂನೆ ಕೊಟ್ಟರೆ ಅದನ್ನೇ ತುಂಬಿ.

ದಿನಾಂಕ: ............

ಇವರಿಗೆ,
ಆಯುಕ್ತರು,
............ ಮಹಾನಗರ ಪಾಲಿಕೆ.

ಮಾನ್ಯರೇ,

ವಿಷಯ: ವಾರ್ಡು ಸಮಿತಿಯ ಸದಸ್ಯತ್ವಕ್ಕೆ ಅರ್ಜಿ.

ನಾನು ............ನೇ ವಾರ್ಡಿನ ............ ಬೀದಿಯಲ್ಲಿ ............ ವರ್ಷಗಳಿಂದ ವಾಸವಾಗಿದ್ದೇನೆ. ನನ್ನ ಹೆಸರು ಈ ವಾರ್ಡಿನ ಮತದಾರರ ಪಟ್ಟಿಯಲ್ಲಿದೆ. ಗುರುತಿನ ಚೀಟಿಯ ನಕಲು ಇಟ್ಟಿದ್ದೇನೆ. ನಾನು ............ ಸಂಘದ ಸದಸ್ಯೆ. ನಮ್ಮ ಬೀದಿಯಲ್ಲಿ ............ ಸಮಸ್ಯೆ ಇದೆ. ವಾರ್ಡು ಸಮಿತಿಯಲ್ಲಿ ಮಹಿಳಾ ಸದಸ್ಯೆಯಾಗಿ ಕೆಲಸ ಮಾಡಲು ನನಗೆ ಇಷ್ಟವಿದೆ. ನನ್ನನ್ನು ಪರಿಗಣಿಸಬೇಕಾಗಿ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
............

ಎರಡು ಪ್ರತಿ ಬರೆಯಿರಿ. ಒಂದನ್ನು ಕಛೇರಿಯಲ್ಲಿ ಕೊಡಿ. ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ. ರೇಷನ್ ಕಾರ್ಡು ಇಡುವ ಜಾಗದಲ್ಲೇ ಅದನ್ನೂ ಇಡಿ.